ರೋಟರಿ ಎಂಜಿನ್‌ನ ರೇಸ್ ಕಾರುಗಳಲ್ಲಿ ಆಯಿಲ್‌ನ ಆಯ್ಕೆ

ಹಿಂದಕ್ಕೂ ಮುಂದಕ್ಕೂ ಓಡಾಡುವ ಪಿಸ್ಟನ್ನಿಗೆ ಬದಲಾಗಿ ಮೂರು ಮೂಲೆಗಳ ಒಂದು ರೋಟರ್ ಗೂಡಿನೊಳಗೆ ಸುತ್ತುತ್ತ, ಪೆಟ್ರೋಲಿನ ದಹನದಿಂದ ನೇರವಾಗಿ ತಿರುಗುವ ಬಲವನ್ನು ಪಡೆಯುವ ಯಂತ್ರವನ್ನು ರೋಟರಿ ಎಂಜಿನ್ ಎಂದೂ, ಅದರ ಮೂಲ ಕಲ್ಪನೆ ಜರ್ಮನಿಯ ಫೆಲಿಕ್ಸ್ ವಾಂಕೆಲ್ (1902–1988) ಅವರದಾದ್ದರಿಂದ ವಾಂಕೆಲ್ ಎಂಜಿನ್ ಎಂದೂ ಕರೆಯಲಾಗುತ್ತದೆ. ಅದರ ಮೊದಲ ಮಾದರಿ 1957ರಲ್ಲಿ ಎನ್‌ಎಸ್‌ಯು ಕಂಪನಿಯಲ್ಲಿ ಓಡಿತು; 1961ರಲ್ಲಿ ಪರವಾನಗಿ ಪಡೆದ ಜಪಾನಿನ ಮಾಜ್ದಾ ಕಂಪನಿ 1967ರಲ್ಲಿ ಕಾಸ್ಮೋ ಸ್ಪೋರ್ಟ್ ಎಂಬ ಕಾರನ್ನು ಮಾರುಕಟ್ಟೆಗೆ ತಂದು, ಮುಂದಿನ ದಶಕಗಳಲ್ಲಿ ಆರ್‌ಎಕ್ಸ್-3, ಆರ್‌ಎಕ್ಸ್-7, ಆರ್‌ಎಕ್ಸ್-8 ಕಾರುಗಳ ಮೂಲಕ ಈ ಎಂಜಿನ್ನನ್ನು ರೇಸ್ ಅಂಗಳದ ಪರಿಚಿತ ಯಂತ್ರವನ್ನಾಗಿ ಮಾಡಿತು. ಇಂಥ ಎಂಜಿನ್ನಿಗೆ ಕೀಲೆಣ್ಣೆಯನ್ನು, ಅಂದರೆ ವರ್ಕ್‌ಶಾಪಿನ ಮಾತಿನಲ್ಲಿ ಎಂಜಿನ್ ಆಯಿಲನ್ನು, ಆರಿಸುವುದು ಪಿಸ್ಟನ್ ಎಂಜಿನ್ನಿಗೆ ಆರಿಸಿದಷ್ಟು ಸರಳವಲ್ಲ. ಇಲ್ಲಿ ಒಂದೇ ಎಣ್ಣೆಯ ಒಂದು ಪಾಲು ಬೇರಿಂಗುಗಳ ನಡುವೆ ಉಳಿದು ಬಾಳಬೇಕು, ಇನ್ನೊಂದು ಪಾಲು ದಹನಕೋಣೆಯಲ್ಲಿ ಗುರುತೂ ಉಳಿಯದಂತೆ ಸುಟ್ಟುಹೋಗಬೇಕು; ಒಂದಕ್ಕೆ ಬೇಕಾದ ಗುಣ ಇನ್ನೊಂದಕ್ಕೆ ದೋಷವಾಗುತ್ತದೆ.

ಈ ವಿರೋಧ ಹುಟ್ಟುವುದು ಎಂಜಿನ್ನಿನ ರಚನೆಯಿಂದಲೇ. ರೋಟರಿನ ಗೂಡು, ಅಂದರೆ ರೋಟರ್ ಹೌಸಿಂಗ್, ನಡು ತುಸು ಒಳಸರಿದ ಅಂಡಾಕಾರದಲ್ಲಿದ್ದು, ಅದರ ಅಲ್ಯೂಮಿನಿಯಂ ಮೈಯ ಒಳಗೋಡೆಗೆ ಕ್ರೋಮಿಯಂ ಲೇಪವಿರುತ್ತದೆ. ಎರಡು ಬದಿಗಳನ್ನು ಎರಕದ ಕಬ್ಬಿಣದ ತಟ್ಟೆಗಳು ಮುಚ್ಚುತ್ತವೆ. ನಡುವೆ ಹಾದುಹೋಗುವ ಎಕ್ಸೆಂಟ್ರಿಕ್ ಶಾಫ್ಟ್ ಪಿಸ್ಟನ್ ಎಂಜಿನ್ನಿನ ಕ್ರ್ಯಾಂಕ್ ಶಾಫ್ಟಿನ ಕೆಲಸ ಮಾಡುತ್ತದೆ. ಅದು ಮೂರು ಸುತ್ತು ತಿರುಗುವಾಗ ರೋಟರ್ ಒಂದು ಸುತ್ತು ಮಾತ್ರ ತಿರುಗುತ್ತದೆ. ರೋಟರಿನ ಮೂರು ಮೂಲೆಗಳಲ್ಲಿ ಗೋಡೆಗೆ ಒತ್ತಿಕೊಂಡು ಜಾರುವ ಅಪೆಕ್ಸ್ ಸೀಲ್‌ಗಳೂ, ಬದಿಗಳಲ್ಲಿ ಬಾಗಿದ ಪಟ್ಟಿಗಳಂಥ ಸೈಡ್ ಸೀಲ್‌ಗಳೂ ಅನಿಲವನ್ನು ಹಿಡಿದಿಡುತ್ತವೆ. ಇವುಗಳಿಗೂ ಒಳಗೆ, ಬದಿತಟ್ಟೆಯ ಮೇಲೆ ಉಜ್ಜುವ ಉಂಗುರಗಳು ರೋಟರಿನ ಹೊಟ್ಟೆಯಲ್ಲಿರುವ ಎಣ್ಣೆ ದಹನಕೋಣೆಗೆ ನುಗ್ಗದಂತೆ ತಡೆಯುತ್ತವೆ. ಕವಾಟಗಳಿಲ್ಲ, ಕ್ಯಾಮ್ ಶಾಫ್ಟ್ ಇಲ್ಲ, ಟ್ಯಾಪೆಟ್ ಇಲ್ಲ. ಆಯಿಲ್ ತಯಾರಕರು ಸಾಮಾನ್ಯ ಎಂಜಿನ್ನುಗಳಿಗಾಗಿ ಪಡುವ ಶ್ರಮದ ದೊಡ್ಡ ಭಾಗ ಈ ಇಲ್ಲದ ಅಂಗಗಳ ರಕ್ಷಣೆಗೇ ಮೀಸಲಾಗಿರುತ್ತದೆ ಎಂಬುದನ್ನು ನೆನಪಿನಲ್ಲಿಡಬೇಕು.

ರೋಟರಿಗೆ ನೀರಿನ ತಂಪು ತಲುಪುವುದಿಲ್ಲ. ಗೂಡಿನ ಗೋಡೆಯೊಳಗೆ ನೀರು ಹರಿಯುತ್ತದೆಯಾದರೂ, ದಹನದ ಬೆಂಕಿಗೆ ಸರದಿಯಂತೆ ಮೂರೂ ಮುಖಗಳನ್ನು ಒಡ್ಡುವ ರೋಟರನ್ನು ಒಳಗಿನಿಂದ ತಣಿಸುವುದು ಎಣ್ಣೆ ಮಾತ್ರ. ಶಾಫ್ಟಿನ ಟೊಳ್ಳಿನಲ್ಲಿ ಬರುವ ಎಣ್ಣೆ ಸಣ್ಣ ಜೆಟ್‌ಗಳ ಮೂಲಕ ರೋಟರಿನ ಹೊಟ್ಟೆಗೆ ಚಿಮ್ಮಿ, ಅಲ್ಲಿ ಕುಲುಕಾಡಿ, ಬಿಸಿಯನ್ನು ಹೀರಿಕೊಂಡು ಬದಿಗಳಿಂದ ಕೆಳಗಿನ ಎಣ್ಣೆಯ ತೊಟ್ಟಿಗೆ, ಅಂದರೆ ಸಂಪಿಗೆ, ಸುರಿಯುತ್ತದೆ. ತಂಪಿನ ವ್ಯವಸ್ಥೆ ಹೊರಹಾಕಬೇಕಾದ ಬಿಸಿಯಲ್ಲಿ ಸುಮಾರು ಮೂರನೇ ಒಂದು ಭಾಗ ಎಣ್ಣೆಯ ಮೇಲೆ ಬೀಳುತ್ತದೆಂದು ವಾಡಿಕೆಯ ಅಂದಾಜು ಹೇಳುತ್ತದೆ. ರಸ್ತೆ ಕಾರಿನ ಜೆಟ್‌ಗಳಲ್ಲಿ ಎಂಜಿನ್ ಬೇಗ ಬೆಚ್ಚಗಾಗಲೆಂದು ಸ್ಪ್ರಿಂಗು ಮತ್ತು ಗುಂಡಿನ ಪುಟ್ಟ ತಡೆ ಇರುತ್ತದೆ. ರೇಸ್ ಎಂಜಿನ್ ಕಟ್ಟುವವರು ಅದನ್ನು ತೆಗೆದು ಸದಾ ತೆರೆದಿರುವ ಜೆಟ್ ಹಾಕುತ್ತಾರೆ. ಹೀಗೆ ಇಲ್ಲಿ ಆಯಿಲ್ ಮೊದಲು ತಂಪುಕಾರಕ, ಆಮೇಲೆ ಕೀಲೆಣ್ಣೆ ಎಂದರೆ ತಪ್ಪಾಗದು. ಆಯ್ಕೆಯ ಚರ್ಚೆ ಬಾಟಲಿಯ ಮೇಲಿನ ಹೆಸರಿನಿಂದ ಶುರುವಾಗಿ ಅಲ್ಲೇ ಮುಗಿಯುವುದು ಈ ಯಂತ್ರಕ್ಕೆ ಮಾಡುವ ಅನ್ಯಾಯ. ಸಾಕಷ್ಟು ದೊಡ್ಡ ಆಯಿಲ್ ಕೂಲರ್ ಇಲ್ಲದ ರೋಟರಿ ಕಾರನ್ನು ಯಾವ ಎಣ್ಣೆಯೂ ಕಾಪಾಡಲಾರದು.

ಅಪೆಕ್ಸ್ ಸೀಲಿನ ಬಾಳು ಇದಕ್ಕಿಂತ ಕಠಿಣ. ಮಾಜ್ದಾದ 13ಬಿ ಎಂಜಿನ್ನಿನಲ್ಲಿ ರೋಟರಿನ ಕೇಂದ್ರದಿಂದ ಮೂಲೆಗೆ 105 ಮಿ.ಮೀ., ಶಾಫ್ಟಿನ ಉತ್ಕೇಂದ್ರತೆ, ಅಂದರೆ ಶಾಫ್ಟಿನ ನಡುವಿನಿಂದ ರೋಟರಿನ ನಡು ಸರಿದಿರುವ ದೂರ, 15 ಮಿ.ಮೀ. ಈ ಅಳತೆಗಳಿಂದ ಲೆಕ್ಕ ಹಾಕಿದರೆ, ಶಾಫ್ಟ್ ನಿಮಿಷಕ್ಕೆ 9,000 ಸುತ್ತು ತಿರುಗುವಾಗ ಮೂಲೆಯ ಸೀಲ್ ಗೋಡೆಯ ಮೇಲೆ ಸೆಕೆಂಡಿಗೆ 19 ಮೀಟರಿನಿಂದ 47 ಮೀಟರಿನವರೆಗೆ ಏರಿಳಿಯುವ ವೇಗದಲ್ಲಿ ಜಾರುತ್ತದೆ, ಮತ್ತು ಗೋಡೆಗೆ ಲಂಬವಾದ ದಿಕ್ಕಿನಿಂದ ಎರಡೂ ಕಡೆಗೆ 25 ಡಿಗ್ರಿಗೂ ಹೆಚ್ಚು ವಾಲುತ್ತದೆ. ಪಿಸ್ಟನ್ ರಿಂಗಿಗೆ ಕೆಳಗಿನಿಂದ ಸದಾ ಎಣ್ಣೆಯ ಎರಚಲು ಸಿಗುತ್ತದೆ. ಅಪೆಕ್ಸ್ ಸೀಲಿನ ಎರಡೂ ಬದಿಗಳಲ್ಲಿ ಇರುವುದು ಅನಿಲವೇ. ಅದಕ್ಕೆ ಬೇಕಾದ ಎಣ್ಣೆಯನ್ನು ಹೊರಗಿನಿಂದ ಕೊಡದೆ ಬೇರೆ ದಾರಿಯಿಲ್ಲ. 1963ರಲ್ಲಿ ಕೆನಿಚಿ ಯಾಮಾಮೊಟೊ ಅವರ ನೇತೃತ್ವದಲ್ಲಿ ಮಾಜ್ದಾದ ರೋಟರಿ ಸಂಶೋಧನಾ ವಿಭಾಗ ಕೆಲಸ ಆರಂಭಿಸಿದಾಗ ಎದುರಾದ ದೊಡ್ಡ ತೊಡಕೆಂದರೆ, ಕಂಪಿಸುವ ಸೀಲು ಗೂಡಿನ ಗೋಡೆಯ ಮೇಲೆ ಮೂಡಿಸುತ್ತಿದ್ದ ಅಲೆಯಂಥ ಗೀರುಗಳು. ಅಲ್ಲಿನ ಎಂಜಿನಿಯರುಗಳು ಅವುಗಳನ್ನು ದೆವ್ವದ ಉಗುರಿನ ಗುರುತು ಎಂದು ಕರೆದರು. ಅದಕ್ಕೆ ಪರಿಹಾರ ದೊರೆತದ್ದು ಸೀಲಿನ ರೂಪ ಮತ್ತು ವಸ್ತುವನ್ನು ಬದಲಿಸಿದಾಗ. ಆದರೆ ಸೀಲಿಗೆ ಎಣ್ಣೆಯ ತೆಳುಪದರ ಬೇಕೆಂಬುದು ಬದಲಾಗಲಿಲ್ಲ.

ಈ ಎಣ್ಣೆಯನ್ನು ಕೊಡುವ ಅಂಗವೇ ಮೀಟರಿಂಗ್ ಆಯಿಲ್ ಪಂಪ್. ಅದು ಸಂಪಿನಲ್ಲಿರುವ ಎಂಜಿನ್ ಆಯಿಲನ್ನೇ ಹನಿಹನಿಯಾಗಿ ಅಳೆದು, ಎಂಜಿನ್ನಿನ ವೇಗ ಮತ್ತು ಹೊರೆಗೆ ತಕ್ಕಂತೆ, ದಹನಕೋಣೆಗೆ ಬಿಡುತ್ತದೆ. ಆದ್ದರಿಂದ ಆರೋಗ್ಯವಾಗಿರುವ ರೋಟರಿ ಎಂಜಿನ್ನೂ ಎಣ್ಣೆ ಕುಡಿಯುತ್ತದೆ. ಅದನ್ನು ದೋಷವೆಂದು ಭಾವಿಸಿ ಪಂಪನ್ನು ಕಡಿಮೆ ಮಾಡಿಸಿದವರು ಸೀಲನ್ನು ಸವೆಸಿದ್ದುಂಟು. 2003ರ ಆರ್‌ಎಕ್ಸ್-8 ಕಾರಿನ ರೆನೆಸಿಸ್ ಎಂಜಿನ್ನಿಗೆ 2009ರ ಪರಿಷ್ಕರಣೆಯಲ್ಲಿ ಪ್ರತಿ ರೋಟರಿಗೆ ಮೂರನೆಯ ಎಣ್ಣೆಯ ನಳಿಕೆಯೊಂದನ್ನು ಸೇರಿಸಬೇಕಾಗಿ ಬಂದದ್ದು, ಈ ಹನಿಗಳ ಪ್ರಮಾಣವಷ್ಟೇ ಅಲ್ಲದೆ ಅವು ಬೀಳುವ ಜಾಗವೂ ಎಷ್ಟು ಮುಖ್ಯವೆಂಬುದನ್ನು ತೋರಿಸುತ್ತದೆ.

ಸಂಪಿನ ಎಣ್ಣೆ ಸುಟ್ಟಾಗ ಏನು ಉಳಿಯುತ್ತದೆ ಎಂಬುದು ಮುಂದಿನ ಪ್ರಶ್ನೆ. ಎಂಜಿನ್ ಆಯಿಲ್ ಬರಿಯ ಎಣ್ಣೆಯಲ್ಲ; ಮೂಲ ಎಣ್ಣೆಗೆ ಹಲವು ರಾಸಾಯನಿಕಗಳನ್ನು ಬೆರೆಸಿ ಅದನ್ನು ತಯಾರಿಸಿರುತ್ತಾರೆ. ಕೊಳೆಯನ್ನು ಕರಗಿಸಿಡುವ ಮಾರ್ಜಕಗಳಲ್ಲಿ ಕ್ಯಾಲ್ಸಿಯಂ ಅಥವಾ ಮೆಗ್ನೀಸಿಯಂ, ಸವೆತ ತಡೆಯುವ ಸೇರ್ಪಡೆಯಲ್ಲಿ ಸತು, ರಂಜಕ ಮತ್ತು ಗಂಧಕ ಇರುತ್ತವೆ. ಇವು ಸುಟ್ಟು ಅನಿಲವಾಗದೆ ಬೂದಿಯಾಗಿ ಉಳಿಯುತ್ತವೆ. ಸಾಮಾನ್ಯ ಆಯಿಲಿನಲ್ಲಿ ಈ ಬೂದಿ ತೂಕದ ನೂರಕ್ಕೆ ಒಂದರ ಆಸುಪಾಸಿನಲ್ಲಿರುತ್ತದೆ. ಬೂದಿಯೂ ಇಂಗಾಲದ ಮಸಿಯೂ ಕೂಡಿ ಸೈಡ್ ಸೀಲಿನ ತೋಡಿನಲ್ಲಿ ತುಂಬಿಕೊಂಡರೆ ಸೀಲ್ ಅಲುಗಾಡದೆ ಅಂಟಿಕೊಳ್ಳುತ್ತದೆ ಮತ್ತು ಸಂಪೀಡನ, ಅಂದರೆ ಕಂಪ್ರೆಷನ್, ಇಳಿಯುತ್ತದೆ. ರೋಟರಿನ ಮುಖದ ಮೇಲೆ ಗಟ್ಟಿಯಾದ ಕರಿ, ಕೆಂಡದಂತೆ ಕಾದು ಸ್ಪಾರ್ಕ್ ಪ್ಲಗ್ಗಿಗಿಂತ ಮೊದಲೇ ಮಿಶ್ರಣಕ್ಕೆ ಕಿಡಿ ಹಚ್ಚಬಲ್ಲದು. ಅಕಾಲದ ಆ ಸ್ಫೋಟದ ಒತ್ತಡಕ್ಕೆ ಅಪೆಕ್ಸ್ ಸೀಲ್ ಮುರಿದರೆ ಅದರ ತುಂಡುಗಳು ಗೂಡನ್ನು ಗೀರಿ, ಟರ್ಬೊ ಇದ್ದಲ್ಲಿ ಅದನ್ನೂ ಹಾಳುಮಾಡಿ ಹೊರಗೆ ಹೋಗುತ್ತವೆ. ಆದ್ದರಿಂದ ಹಳೆಯ ಪಿಸ್ಟನ್ ರೇಸ್ ಎಂಜಿನ್ನುಗಳವರು ಹೆಚ್ಚು ಸತುವಿರುವ ಎಣ್ಣೆಯನ್ನು ಹುಡುಕುವ ರೂಢಿಯನ್ನು ರೋಟರಿಗೂ ತರುವುದು ಸರಿಯಲ್ಲ. ಸತು ಮತ್ತು ರಂಜಕದ ಆ ಸೇರ್ಪಡೆಗೆ ಮುಖ್ಯವಾಗಿ ಬೆಲೆ ಬರುವುದು ಕ್ಯಾಮ್ ಮತ್ತು ಟ್ಯಾಪೆಟ್ಟಿನ ಉಜ್ಜುವಿಕೆಯಲ್ಲಿ. ರೋಟರಿಯಲ್ಲಿ ಅದಕ್ಕೆ ಕೆಲಸ ಕಡಿಮೆ, ಬೂದಿ ಮಾತ್ರ ಖಚಿತ.

ಖನಿಜ ಎಣ್ಣೆಯೋ ಸಿಂಥೆಟಿಕ್ ಎಣ್ಣೆಯೋ ಎಂಬ ವಾದ ರೋಟರಿ ಬಳಕೆದಾರರಲ್ಲಿ ದಶಕಗಳಿಂದ ನಡೆದಿದೆ. ಖನಿಜ ಎಣ್ಣೆ ಎಂದರೆ ಕಚ್ಚಾ ತೈಲವನ್ನು ಶುದ್ಧೀಕರಿಸಿ ಪಡೆದದ್ದು. ಸಿಂಥೆಟಿಕ್ ಎಂದರೆ ಅಣುಗಳನ್ನು ಬೇಕಾದ ಅಳತೆಯಲ್ಲಿ ಕಟ್ಟಿ ತಯಾರಿಸಿದ್ದು, ಮುಖ್ಯವಾಗಿ ಪಾಲಿಆಲ್ಫಾಓಲಿಫಿನ್ ಮತ್ತು ಎಸ್ಟರ್ ಬಗೆಗಳು. ಮಾಜ್ದಾ ಬಹುಕಾಲ ರಸ್ತೆ ಕಾರುಗಳಿಗೆ ಖನಿಜ ಎಣ್ಣೆಯತ್ತಲೇ ಒಲವು ತೋರಿತು. ಅದಕ್ಕೆ ಎರಡು ಕಾರಣಗಳನ್ನು ಹೇಳಲಾಗುತ್ತದೆ: ಆರಂಭದ ಕಾಲದ ಸಿಂಥೆಟಿಕ್ ಎಣ್ಣೆಗಳು ರಬ್ಬರಿನ ಓ-ರಿಂಗುಗಳನ್ನು ಉಬ್ಬಿಸುವ ಇಲ್ಲವೆ ಕುಗ್ಗಿಸುವ ಸಾಧ್ಯತೆ ಇತ್ತು, ಮತ್ತು ಹೆಚ್ಚಿನ ಬಿಸಿಯನ್ನು ತಾಳುವ ಎಣ್ಣೆ ದಹನಕೋಣೆಯಲ್ಲಿ ಪೂರ್ತಿ ಸುಡದೆ ಉಳಿಯಬಹುದೆಂಬ ಆತಂಕವಿತ್ತು. ಎಣ್ಣೆ ತಯಾರಿಕೆ ಸುಧಾರಿಸಿದ ಮೇಲೆ ಮೊದಲನೆಯ ಕಾರಣ ಬಹುಪಾಲು ಬಲ ಕಳೆದುಕೊಂಡಿದೆ. ಎರಡನೆಯದು ಸಂಪಿನ ಎಣ್ಣೆಯನ್ನೇ ಸುಡುವವರೆಗೆ ಮಾತ್ರ ಅರ್ಥವುಳ್ಳದ್ದು. ಬಿಸಿಯನ್ನು ತಾಳುವ ಶಕ್ತಿ ಬೇರಿಂಗಿನಲ್ಲಿ ವರ, ದಹನಕೋಣೆಯಲ್ಲಿ ಶಾಪ. ಎರಡೂ ಕಡೆಗೆ ಒಂದೇ ಎಣ್ಣೆಯನ್ನು ಕಳಿಸುವ ವ್ಯವಸ್ಥೆಯನ್ನು ಹಾಗೇ ಉಳಿಸಿಕೊಂಡು ಯಾವ ಎಣ್ಣೆ ಒಳ್ಳೆಯದೆಂದು ಕೇಳಿದ್ದರಿಂದಲೇ ಆ ವಾದ ಮುಗಿಯದೆ ಉಳಿದಿದೆ.

ರೇಸಿನ ಲೋಕ ಕಂಡುಕೊಂಡ ಉತ್ತರ ಎರಡು ಕೆಲಸಗಳನ್ನು ಬೇರ್ಪಡಿಸುವುದು. ಹಲವು ತಂಡಗಳು ಮೀಟರಿಂಗ್ ಪಂಪನ್ನು ತೆಗೆದುಹಾಕಿ, ಸೀಲುಗಳಿಗಾಗಿ ಎರಡು-ಸ್ಟ್ರೋಕ್ ಆಯಿಲನ್ನು ಪೆಟ್ರೋಲಿಗೇ ಬೆರೆಸುತ್ತವೆ. ಇನ್ನು ಕೆಲವರು ಪಂಪನ್ನು ಉಳಿಸಿಕೊಂಡು ಅದಕ್ಕೆ ಪ್ರತ್ಯೇಕವಾದ ಚಿಕ್ಕ ತೊಟ್ಟಿಯಿಂದ ಆ ಎಣ್ಣೆಯನ್ನು ಉಣಿಸುತ್ತಾರೆ. ಪೆಟ್ರೋಲಿಗೆ ಆಯಿಲ್ ಬೆರೆಸುವ ಈ ಪದ್ಧತಿ ಕನ್ನಡಿಗರಿಗೆ ಹೊಸದಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಜಾವಾ ಮತ್ತು ಯೆಜ್ಡಿ ಮೋಟಾರ್‌ಸೈಕಲ್ಲುಗಳು ಹೀಗೆಯೇ ಓಡುತ್ತಿದ್ದವು. ಆದರೆ ಪ್ರಮಾಣದಲ್ಲಿ ದೊಡ್ಡ ಅಂತರವಿದೆ. ಹಳೆಯ ಎರಡು-ಸ್ಟ್ರೋಕ್ ಎಂಜಿನ್ನಿನ ಕ್ರ್ಯಾಂಕ್ ಬೇರಿಂಗುಗಳೂ ಆ ಮಿಶ್ರಣವನ್ನೇ ನಂಬಿದ್ದರಿಂದ ಇಪ್ಪತ್ತೈದರಿಂದ ಐವತ್ತು ಪಾಲು ಪೆಟ್ರೋಲಿಗೆ ಒಂದು ಪಾಲು ಎಣ್ಣೆ ಬೇಕಾಗುತ್ತಿತ್ತು. ರೋಟರಿಯಲ್ಲಿ ಈ ಎಣ್ಣೆ ಸೀಲುಗಳಿಗಷ್ಟೇ. ಹಾಗಾಗಿ ನೂರರಿಂದ ಇನ್ನೂರು ಪಾಲಿಗೆ ಒಂದು, ಅಂದರೆ ಲೀಟರಿಗೆ 10ರಿಂದ 5 ಮಿಲಿಲೀಟರ್, ವಾಡಿಕೆಯ ಮಿತಿ. ಅಮೆರಿಕದಲ್ಲಿ ಪ್ರಚಲಿತವಾದ ಗ್ಯಾಲನ್ನಿಗೊಂದು ಔನ್ಸ್ ಎಂಬ ಸೂತ್ರ 128ಕ್ಕೆ ಒಂದಾಗುತ್ತದೆ. ದೀರ್ಘಕಾಲ ಪೂರ್ತಿ ಥ್ರಾಟಲ್‌ನಲ್ಲಿ ಓಡುವ ಎಂಜಿನ್ನಿಗೆ ಹೆಚ್ಚಿನ ತುದಿ, ಅಭ್ಯಾಸದ ಓಟಕ್ಕೆ ಕಡಿಮೆ ತುದಿ. ಮಿತಿ ಮೀರಿದರೆ ಸ್ಪಾರ್ಕ್ ಪ್ಲಗ್ ಮಸಿಗಟ್ಟುತ್ತದೆ, ಇಂಧನದ ಆಕ್ಟೇನ್ ತುಸು ಇಳಿಯುತ್ತದೆ. ಟರ್ಬೊ ಎಂಜಿನ್ನಿನಲ್ಲಿ ಈ ತುಸುವೂ ಲೆಕ್ಕಕ್ಕೆ ಬರುತ್ತದೆ.

ಬೆರೆಸುವ ಎಣ್ಣೆಯ ಆಯ್ಕೆಯಲ್ಲಿ ಬೂದಿಯೇ ಮಾನದಂಡ. ದೋಣಿಯ ಎಂಜಿನ್ನುಗಳಿಗಾಗಿ ರೂಪಿಸಿದ ಟಿಸಿ-ಡಬ್ಲ್ಯು3 ದರ್ಜೆಯ ಎಣ್ಣೆಯಲ್ಲಿ ಲೋಹದ ಸೇರ್ಪಡೆಗಳಿಲ್ಲದ್ದರಿಂದ ಬೂದಿಯಿಲ್ಲ; ಆದರೆ ಅದು ತಣ್ಣನೆಯ ನೀರಿನಿಂದ ತಂಪಾಗುವ ಎಂಜಿನ್ನಿಗೆಂದು ಮಾಡಿದ್ದು. ಜಪಾನಿನ ಜಾಸೊ ಸಂಸ್ಥೆಯ ಎಫ್‌ಸಿ ಮತ್ತು ಎಫ್‌ಡಿ ದರ್ಜೆಗಳು ಕಡಿಮೆ ಹೊಗೆಯನ್ನು ಕೋರುತ್ತವೆ, ಎಫ್‌ಡಿ ಹೆಚ್ಚಿನ ಬಿಸಿಯಲ್ಲೂ ಸ್ವಚ್ಛತೆಯನ್ನು ಕೋರುತ್ತದೆ. ರೇಸಿನ ಬಿಸಿಗೆ ಈ ಎಫ್‌ಡಿ ದರ್ಜೆಯ ಸಿಂಥೆಟಿಕ್ ಎಣ್ಣೆಯೇ ಹೆಚ್ಚು ಹೊಂದುತ್ತದೆ. ಹಳೆಯ ರೇಸಿಗರಿಗೆ ಪ್ರಿಯವಾಗಿದ್ದ ಹರಳೆಣ್ಣೆ ಲೋಹಕ್ಕೆ ಗಟ್ಟಿಯಾಗಿ ಅಂಟುವ ಪದರ ಕೊಡುತ್ತದೆ, ಮೆಥನಾಲ್ ಇಂಧನದೊಡನೆ ಚೆನ್ನಾಗಿ ಬೆರೆಯುತ್ತದೆ. ಆದರೆ ಅದು ಬಿಟ್ಟುಹೋಗುವ ಅಂಟು ಸೀಲಿನ ತೋಡುಗಳಿಗೆ ಒಳ್ಳೆಯದಲ್ಲ. ಖನಿಜ ಎಣ್ಣೆ ಮೆಥನಾಲಿನಲ್ಲಿ ಕರಗುವುದಿಲ್ಲವಾದ್ದರಿಂದ ಆಲ್ಕೋಹಾಲ್ ಇಂಧನ ಬಳಸುವವರು ಅದಕ್ಕೆ ಹೊಂದುವ ಎಣ್ಣೆಯನ್ನೇ ಆರಿಸಬೇಕು. ಮಿಶ್ರಣವನ್ನು ಗಾಜಿನ ಬಾಟಲಿಯಲ್ಲಿ ಒಂದು ರಾತ್ರಿ ಇಟ್ಟು ಪದರ ಒಡೆಯುವುದೇ ಎಂದು ನೋಡುವ ಸರಳ ಪರೀಕ್ಷೆ ಎಂಜಿನ್ನಿನ ಬೆಲೆಯನ್ನು ಉಳಿಸಬಲ್ಲದು.

ಸುಡುವ ಹೊಣೆಯಿಂದ ಬಿಡುಗಡೆಯಾದ ಸಂಪಿನ ಎಣ್ಣೆಯನ್ನು ಇನ್ನು ಬೇರಿಂಗು ಮತ್ತು ತಂಪಿನ ದೃಷ್ಟಿಯಿಂದಲೇ ಆರಿಸಬಹುದು. ಇಲ್ಲಿ ಮುಖ್ಯವಾದದ್ದು ಸ್ನಿಗ್ಧತೆ, ಅಂದರೆ ಎಣ್ಣೆ ಹರಿಯಲು ಒಡ್ಡುವ ಪ್ರತಿರೋಧ. ಡಬ್ಬಿಯ ಮೇಲಿನ 10ಡಬ್ಲ್ಯು-40 ಎಂಬಂಥ ಗುರುತಿನಲ್ಲಿ ಮೊದಲ ಅಂಕಿ ಚಳಿಯಲ್ಲಿನ ನಡತೆಯನ್ನೂ ಎರಡನೆಯದು 100 ಡಿಗ್ರಿ ಸೆಲ್ಸಿಯಸ್‌ನಲ್ಲಿನ ಸ್ನಿಗ್ಧತೆಯನ್ನೂ ಸೂಚಿಸುತ್ತವೆ: 30ರ ದರ್ಜೆಗೆ 9.3ರಿಂದ 12.5, 40ಕ್ಕೆ 12.5ರಿಂದ 16.3, 50ಕ್ಕೆ 16.3ರಿಂದ 21.9 ಸೆಂಟಿಸ್ಟೋಕ್. ರೇಸಿಗೆ ಇದಕ್ಕಿಂತ ಹೆಚ್ಚು ಹೇಳುವ ಅಳತೆ ಇನ್ನೊಂದಿದೆ. 150 ಡಿಗ್ರಿಯಲ್ಲಿ, ಬೇರಿಂಗಿನೊಳಗಿನಂಥ ತೀವ್ರವಾದ ಕತ್ತರಿಕೆಗೆ ಒಳಗಾದಾಗ ಎಣ್ಣೆ ಉಳಿಸಿಕೊಳ್ಳುವ ಸ್ನಿಗ್ಧತೆಯನ್ನು ಅದು ತಿಳಿಸುತ್ತದೆ. 10ಡಬ್ಲ್ಯು-40ಕ್ಕೆ ಇದರ ಕನಿಷ್ಠ ಮಿತಿ 3.5 ಮಿಲಿಪ್ಯಾಸ್ಕಲ್-ಸೆಕೆಂಡ್, 50ರ ದರ್ಜೆಗೆ 3.7. ರಸ್ತೆಯ ಆರ್‌ಎಕ್ಸ್-8ಕ್ಕೆ ಅಮೆರಿಕದಲ್ಲಿ 5ಡಬ್ಲ್ಯು-20, ಯುರೋಪಿನಲ್ಲಿ 5ಡಬ್ಲ್ಯು-30 ಸೂಚಿಸಲಾಗಿತ್ತು. ಅದೇ ಎಂಜಿನ್ ಟ್ರ್ಯಾಕಿಗೆ ಇಳಿದಾಗ 40 ಅಥವಾ 50ರ ದರ್ಜೆಗೆ ಏರುವುದು ರೂಢಿ.

ಏರಿಕೆಗೆ ಇನ್ನೂ ಒಂದು ಬಲವಾದ ಕಾರಣವಿದೆ. ರೋಟರಿ ಎಂಜಿನ್ ಪೆಟ್ರೋಲ್ ಹೆಚ್ಚಿರುವ ಮಿಶ್ರಣದಲ್ಲಿ ಓಡುವಾಗ ಸುಡದ ಇಂಧನ ಸೈಡ್ ಸೀಲುಗಳನ್ನೂ ಎಣ್ಣೆಯ ಉಂಗುರಗಳನ್ನೂ ದಾಟಿ ಸಂಪಿಗೆ ಸೇರುತ್ತದೆ. ಪೆಟ್ರೋಲ್ ಬೆರೆತ ಎಣ್ಣೆ ತೆಳುವಾಗುತ್ತದೆ. ಶನಿವಾರ ಸುರಿದ 40ರ ಎಣ್ಣೆ ಭಾನುವಾರದ ಕೊನೆಯ ಓಟಕ್ಕೆ 30ರಂತೆ ನಡೆದುಕೊಳ್ಳಬಹುದು. ಜೊತೆಗೆ ಬಿಸಿಯಲ್ಲಿ ಎಣ್ಣೆ ತೀರಾ ತೆಳುವಾಗದಂತೆ ಬೆರೆಸುವ ಪಾಲಿಮರುಗಳ ಉದ್ದನೆಯ ಅಣುಗಳು ಬೇರಿಂಗು ಮತ್ತು ಗಿಯರುಗಳ ನಡುವೆ ತುಂಡಾಗುತ್ತ ಹೋಗುತ್ತವೆ. ಆದ್ದರಿಂದ 5ಡಬ್ಲ್ಯು-50ರಂತೆ ಅಗಲವಾದ ಅಂತರದ ಎಣ್ಣೆಗಿಂತ 15ಡಬ್ಲ್ಯು-50 ಅಥವಾ 20ಡಬ್ಲ್ಯು-50ರಂಥ ಕಿರಿದಾದ ಅಂತರದ್ದು ಸಾಮಾನ್ಯವಾಗಿ ಹೆಚ್ಚು ಕಾಲ ತನ್ನ ದರ್ಜೆಯಲ್ಲಿ ನಿಲ್ಲುತ್ತದೆ. ಹಿಮ ಬೀಳದ ನಾಡಿನ ರೇಸ್ ಕಾರಿಗೆ ಚಳಿಯ ಅಂಕಿ ಕಡಿಮೆ ಇರಬೇಕಾದ ಅಗತ್ಯವೂ ಇಲ್ಲ.

ಹಾಗೆಂದು ದಪ್ಪ ಎಣ್ಣೆಯೇ ಯಾವಾಗಲೂ ಕ್ಷೇಮವಲ್ಲ. 13ಬಿಯ ರೋಟರ್ ಬೇರಿಂಗಿನ ವ್ಯಾಸ 74 ಮಿ.ಮೀ.; 9,000 ಸುತ್ತಿನಲ್ಲಿ ಅದರ ಎರಡು ಮೈಗಳ ನಡುವಿನ ವೇಗ ಸೆಕೆಂಡಿಗೆ 23 ಮೀಟರ್ ಮುಟ್ಟುತ್ತದೆ. ಅಷ್ಟು ವೇಗದಲ್ಲಿ ಅತಿ ದಪ್ಪ ಎಣ್ಣೆ ತನ್ನ ಒಳಘರ್ಷಣೆಯಿಂದಲೇ ಕಾಯುತ್ತದೆ, ಶಕ್ತಿಯನ್ನು ನುಂಗುತ್ತದೆ, ಜೆಟ್‌ಗಳಿಂದ ಕಡಿಮೆ ಚಿಮ್ಮುತ್ತದೆ. ಇನ್ನೊಂದು ಸೂಕ್ಷ್ಮವೂ ಇದೆ: ಎಣ್ಣೆ ಮುಖ್ಯ ಬೇರಿಂಗಿನ ಹೊರಮೈಯಿಂದ ಶಾಫ್ಟಿನ ನಡುವಿನ ಟೊಳ್ಳಿಗೆ ಒಳಮುಖವಾಗಿ ಹೋಗಬೇಕಾದ್ದರಿಂದ ಕೇಂದ್ರಾಪಗಾಮಿ ಬಲವನ್ನು, ಅಂದರೆ ತಿರುಗುವ ವಸ್ತು ಹೊರಕ್ಕೆ ತಳ್ಳುವ ಬಲವನ್ನು, ಎದುರಿಸಬೇಕು. 43 ಮಿ.ಮೀ. ವ್ಯಾಸದ ಮುಖ್ಯ ಬೇರಿಂಗಿನಲ್ಲಿ 9,000 ಸುತ್ತಿಗೆ ಇದು ಸುಮಾರು 1.7 ಬಾರ್ ಒತ್ತಡಕ್ಕೆ ಸಮ, ಮತ್ತು ವೇಗ ಏರಿದಂತೆ ಅದರ ವರ್ಗದ ಪ್ರಮಾಣದಲ್ಲಿ ಏರುತ್ತದೆ. ಈ ಅಡ್ಡಿಯನ್ನು ದಾಟಿಸುವುದು ದಪ್ಪ ಎಣ್ಣೆಯಲ್ಲ, ಹೆಚ್ಚಿನ ಒತ್ತಡ. ರೇಸ್ ಎಂಜಿನ್ನುಗಳಲ್ಲಿ ಒತ್ತಡ ನಿಯಂತ್ರಕವನ್ನು 7 ಬಾರ್‌ನ ಆಸುಪಾಸಿಗೆ ಏರಿಸುವುದು ಇದೇ ಕಾರಣಕ್ಕೆ.

ಎಂಜಿನ್ನಿಗೆ ಒಳಬರುವ ಎಣ್ಣೆಯ ತಾಪವನ್ನು 100 ಡಿಗ್ರಿಯೊಳಗೆ ಹಿಡಿದಿಡುವುದು ಅನುಭವಿಗಳ ಗುರಿ. ಅದಕ್ಕೂ ಮೇಲೆ ದೀರ್ಘವಾಗಿ ಓಡಿಸಿದರೆ ಎಣ್ಣೆಯ ಉಂಗುರಗಳ ಒಳಗಿನ ರಬ್ಬರ್ ಗಡುಸಾಗಿ, ತಡೆ ಸಡಿಲವಾಗಿ, ಸಂಪಿನ ಎಣ್ಣೆ ಅಳತೆಯಿಲ್ಲದೆ ದಹನಕೋಣೆಗೆ ನುಗ್ಗಲು ಆರಂಭಿಸುತ್ತದೆ. ಬೇರ್ಪಡಿಸಿದ್ದ ಎರಡು ಕೆಲಸಗಳು ಮತ್ತೆ ಬೆರೆತುಹೋಗುತ್ತವೆ. ರೋಟರಿನೊಳಗಿನ ಕುಲುಕಾಟದಿಂದ ನೊರೆಯೇಳುವುದೂ ದೊಡ್ಡ ತೊಂದರೆ, ಏಕೆಂದರೆ ಗಾಳಿ ಬೆರೆತ ಎಣ್ಣೆ ಬಿಸಿಯನ್ನು ಸರಿಯಾಗಿ ಒಯ್ಯುವುದಿಲ್ಲ. ತಿರುವುಗಳಲ್ಲಿ ಎಣ್ಣೆ ಒಂದು ಬದಿಗೆ ಸರಿದು ಪಂಪ್ ಗಾಳಿ ಹೀರದಂತೆ ಸಂಪಿನಲ್ಲಿ ತಡೆಗಳನ್ನು ಹಾಕುತ್ತಾರೆ; ದೊಡ್ಡ ರೇಸುಗಳಲ್ಲಿ ಎಣ್ಣೆಯನ್ನು ಹೊರಗಿನ ಎತ್ತರದ ತೊಟ್ಟಿಯಲ್ಲಿ ಇರಿಸುವ ಡ್ರೈ ಸಂಪ್ ವ್ಯವಸ್ಥೆ ಬಳಸುತ್ತಾರೆ, ಅಲ್ಲಿ ನೊರೆ ಇಳಿಯಲು ಸಮಯವೂ ದೊರೆಯುತ್ತದೆ.

ಇವೆಲ್ಲ ಒಂದುಗೂಡಿದಾಗ ರೋಟರಿ ಎಷ್ಟು ಬಾಳಬಲ್ಲದೆಂಬುದಕ್ಕೆ 1991ರ ಜೂನ್ 22 ಮತ್ತು 23ರಂದು ನಡೆದ ಲ ಮಾನ್ 24 ಗಂಟೆಗಳ ರೇಸ್ ದೊಡ್ಡ ನಿದರ್ಶನ. ಫೋಲ್ಕರ್ ವೈಡ್ಲರ್, ಜಾನಿ ಹರ್ಬರ್ಟ್ ಮತ್ತು ಬೆರ್ಟ್ರಾನ್ ಗಾಶೊ ಓಡಿಸಿದ ಮಾಜ್ದಾ 787ಬಿ ಕಾರು 362 ಸುತ್ತು, ಅಂದರೆ 4,900 ಕಿಲೊಮೀಟರಿಗೂ ಹೆಚ್ಚು ಓಡಿ ಗೆದ್ದಿತು. ಅದರ ನಾಲ್ಕು ರೋಟರುಗಳ ಆರ್26ಬಿ ಎಂಜಿನ್ನಿನಲ್ಲಿ ಪಿಂಗಾಣಿ ವಸ್ತುವಿನ ಅಪೆಕ್ಸ್ ಸೀಲುಗಳೂ, ಗೂಡಿನ ಗೋಡೆಗೆ ಪಿಂಗಾಣಿ ಮತ್ತು ಲೋಹ ಕೂಡಿದ ಲೇಪವೂ ಇದ್ದವು. ಗೆಲುವಿನ ನಂತರ ಎಂಜಿನ್ನನ್ನು ಬಿಚ್ಚಿ ನೋಡಿದಾಗ ಒಳಭಾಗಗಳು ಒಳ್ಳೆಯ ಸ್ಥಿತಿಯಲ್ಲಿದ್ದವು. ಸೀಲು ಮತ್ತು ಗೋಡೆಯ ವಸ್ತು ಉತ್ತಮವಾದಷ್ಟೂ ಎಣ್ಣೆಯ ಮೇಲಿನ ಹೊರೆ ಹಗುರಾಗುತ್ತದೆ ಎಂಬುದನ್ನು ಈ ಎಂಜಿನ್ ತೋರಿಸಿಕೊಟ್ಟಿತು.

ಎಣ್ಣೆಯಿಂದ ರೋಟರನ್ನು ತಂಪಾಗಿಸದೆ ಗಾಳಿಯಿಂದಲೇ ತಂಪಾಗಿಸುವ ಇನ್ನೊಂದು ಕವಲೂ ಇದೆ. 1992ರಲ್ಲಿ ಐಲ್ ಆಫ್ ಮ್ಯಾನ್‌ನ ಸೀನಿಯರ್ ಟಿಟಿ ರೇಸನ್ನು ಸ್ಟೀವ್ ಹಿಸ್ಲಪ್ ಅವರು ಗೆದ್ದ ನಾರ್ಟನ್ ಮೋಟಾರ್‌ಸೈಕಲ್ ಈ ಬಗೆಯದು. ಅಲ್ಲಿ ಅಳೆದು ಕೊಟ್ಟ ಎಣ್ಣೆ ಬೇರಿಂಗುಗಳನ್ನು ಹಾದು ಕೊನೆಗೆ ಸುಟ್ಟುಹೋಗುತ್ತದೆ, ಮರಳಿ ಸಂಪಿಗೆ ಬರುವುದಿಲ್ಲ. ಹಗುರವಾಗಿರಬೇಕಾದ ಮಾನವರಹಿತ ವಿಮಾನಗಳ ರೋಟರಿ ಎಂಜಿನ್ನುಗಳಲ್ಲೂ ಈ ಕ್ರಮ ಬಳಕೆಯಲ್ಲಿದೆ. ಕರ್ನಾಟಕಕ್ಕೆ ವಾಂಕೆಲ್ ಎಂಜಿನ್ನಿನ ನಂಟು ಬೆಳೆದದ್ದೂ ವಿಮಾನದ ದಾರಿಯಲ್ಲೇ: ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ಮತ್ತು ವೈಮಾನಿಕ ಅಭಿವೃದ್ಧಿ ಸಂಸ್ಥೆಗಳು ಅಹಮದ್‌ನಗರದ ವಾಹನ ಸಂಶೋಧನಾ ಸಂಸ್ಥೆಯೊಡನೆ ಸೇರಿ ರೂಪಿಸಿದ 55 ಅಶ್ವಶಕ್ತಿಯ ವಾಂಕೆಲ್ ಎಂಜಿನ್ ಹೊತ್ತ ನಿಶಾಂತ್ ಎಂಬ ಚಾಲಕರಹಿತ ವಿಮಾನ 2009ರಲ್ಲಿ ಕೋಲಾರದ ಬಳಿ ಹಾರಿತು.

ಆಯ್ಕೆ ಸರಿಯಾಗಿತ್ತೇ ಎಂಬುದನ್ನು ಹೇಳುವುದು ಬಳಸಿದ ಎಣ್ಣೆ. ರೇಸ್ ತಂಡಗಳು ಪ್ರತಿ ಸ್ಪರ್ಧೆಯ ನಂತರ ಎಣ್ಣೆ ಬದಲಿಸಿ, ಫಿಲ್ಟರನ್ನು ಕೊಯ್ದು ಲೋಹದ ಚೂರುಗಳನ್ನು ನೋಡಿ, ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸುತ್ತವೆ. ಸೀಸ, ತವರ, ತಾಮ್ರ ಏರಿದ್ದರೆ ಬೇರಿಂಗಿನ ಸವೆತ, ಕಬ್ಬಿಣ ಏರಿದ್ದರೆ ಬದಿತಟ್ಟೆ ಇಲ್ಲವೆ ಗಿಯರಿನ ಸವೆತ, ಸಿಲಿಕಾನ್ ಏರಿದ್ದರೆ ಏರ್ ಫಿಲ್ಟರ್ ದಾಟಿದ ಧೂಳು; ಸ್ನಿಗ್ಧತೆ ಕುಸಿದು ಪೆಟ್ರೋಲಿನ ಪಾಲು ಹೆಚ್ಚಿದ್ದರೆ ಎಣ್ಣೆಯ ದರ್ಜೆ ಏರಿಸುವ ಮೊದಲು ಇಂಧನದ ಹೊಂದಾಣಿಕೆಯನ್ನು ಸರಿಪಡಿಸಬೇಕು. ಆದರೆ ಈ ಪರೀಕ್ಷೆಗೆ ಅಪೆಕ್ಸ್ ಸೀಲು ಬಹುಮಟ್ಟಿಗೆ ಕಾಣಿಸುವುದಿಲ್ಲ, ಏಕೆಂದರೆ ಅದರ ಮತ್ತು ಗೂಡಿನ ಗೋಡೆಯ ಸವೆತದ ಪುಡಿ ಸಂಪಿಗೆ ಇಳಿಯದೆ ಹೆಚ್ಚಾಗಿ ಹೊಗೆಯೊಡನೆ ಹೊರಟುಹೋಗುತ್ತದೆ. ಬೆರೆಸಿದ ಎಣ್ಣೆಯ ಪ್ರಮಾಣ ಸಾಕಾಗಿದೆಯೇ ಎಂದು ತಿಳಿಯಲು ಪ್ರತಿ ರೋಟರಿನ ಮೂರು ಮುಖಗಳ ಸಂಪೀಡನವನ್ನು ಬೇರೆಬೇರೆಯಾಗಿ ಅಳೆಯುವ ಉಪಕರಣವೇ ಬೇಕು. ಆರ್‌ಎಕ್ಸ್-7ರ 13ಬಿಗೆ ನಿಮಿಷಕ್ಕೆ 250 ಸುತ್ತಿನಲ್ಲಿ ಚದರ ಸೆಂಟಿಮೀಟರಿಗೆ 6 ಕಿಲೊಗ್ರಾಂ ಕನಿಷ್ಠ ಮಿತಿಯಾಗಿದ್ದು, ಮೂರು ಮುಖಗಳ ನಡುವಿನ ವ್ಯತ್ಯಾಸ 1.5 ಕಿಲೊಗ್ರಾಂ ಮೀರಬಾರದು.